ಕೆಂಪು ಟ್ರೇ

೧೯೭೧ರ ಫೆಬ್ರವರಿಯ ಒಂದು ಶನಿವಾರ, ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದ್ದ ಬೆಳಗಿನ ಐದೂವರೆಗೆ, ಕ್ಯಾಲೋವೇ ಸ್ಟೇಟ್ ಕಾಲೇಜಿನ ಈಜುಕೊಳದಲ್ಲಿ ಲೊರೀನ್ ಎಕರ್ಟ್ ಒಂದು ಮೈಲಿ ಈಜಿ ಮುಗಿಸಿದಳು. ಆಗ ಅವಳಿಗೆ ಇಪ್ಪತ್ತು ವರ್ಷ. ಗಂಡುಹುಡುಗರು ಹಾಸಿಗೆ ಬಿಡುವ ಮುಂಚಿನ ಒಂದೂವರೆ ಗಂಟೆ ಮಾತ್ರ ಹೆಣ್ಣುಮಕ್ಕಳಿಗೆ ಆ ಕೊಳ ಸಿಗುತ್ತಿತ್ತು. ಅವರಿಗೆ ತರಬೇತುದಾರರಿರಲಿಲ್ಲ, ಒಂದೇ ಬಣ್ಣದ ಈಜುಡುಗೆಯೂ ಇರಲಿಲ್ಲ. ಅಷ್ಟು ದೂರವನ್ನು ಹೆಣ್ಣಿನ ಮೈ ತಡೆಯದು, ನಡುವೆಯೇ ನಿಂತುಬಿಡುತ್ತದೆ ಎಂದು ಹುಡುಗರ ತರಬೇತುದಾರ ಕಾಲೇಜಿನ ಪತ್ರಿಕೆಯಲ್ಲಿ ಹೇಳಿದ್ದ. ಆ ಮಾತಿಗೆ ಉತ್ತರವೆಂದೇ ಪಂದ್ಯ ಏರ್ಪಟ್ಟಿತು. ಹಳೆಯ ಎದುರಾಳಿ ಬ್ರಾಂಟ್ ಕಾಲೇಜಿನಿಂದ ಮೂವರು ಹುಡುಗಿಯರು ಚರ್ಚಿನ ಬಸ್ಸೊಂದನ್ನು ಬೇಡಿ ಪಡೆದು ಬಂದರು.

ಮೈಲಿಯೆಂದರೆ ಇಪ್ಪತ್ತೈದು ಗಜದ ಕೊಳವನ್ನು ಅರವತ್ತಾರು ಸಲ ದಾಟಬೇಕು. ಈಜುವವಳಿಗೆ ಲೆಕ್ಕ ತಪ್ಪದಿರಲೆಂದು ಜೊತೆಗಾತಿಯೊಬ್ಬಳು ಆಚೆ ದಡದಲ್ಲಿ ಮಂಡಿಯೂರಿ, ಅವಳು ಬಂದಾಗಲೆಲ್ಲ ಒಂದು, ಮೂರು, ಐದು ಎಂದು ಅಂಕಿಯ ಹಲಗೆಯನ್ನು ನೀರಿಗೆ ಅದ್ದಿ ತೋರಿಸುತ್ತಾಳೆ. ಕೊನೆಯ ಹಲಗೆ ಕೆಂಪು. ಕೆಂಪು ಕಂಡರೆ ಇನ್ನೊಂದೇ ಸಲ ದಾಟುವುದು, ಅಲ್ಲಿಗೆ ಮುಗಿಯಿತು. ಆ ಹಲಗೆಗಳನ್ನು ತರಬೇತುದಾರ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಲೊರೀನಳ ಗೆಳತಿ ಮೇವಿಸ್ ಹಾಸ್ಟೆಲಿನ ಊಟದ ಮನೆಯಿಂದ ಮೂವತ್ತಮೂರು ಕಂದು ಟ್ರೇಗಳನ್ನು ಎತ್ತಿಕೊಂಡು ಬಂದು, ಬಿಳಿಯ ಅಂಟುಪಟ್ಟಿಯಿಂದ ಅಂಕಿ ಮೂಡಿಸಿ, ಕೊನೆಯದಕ್ಕೆ ಎರಡು ಸೀಸೆ ಉಗುರುಬಣ್ಣ ಬಳಿದಳು.

ಒದ್ದೆಯಾದ ಎರಡು ಟ್ರೇಗಳು ನಡುವೆ ಎಲ್ಲೋ ಒಂದಕ್ಕೊಂದು ಅಂಟಿಕೊಂಡವು. ಕೆಂಪು ಟ್ರೇ ಹೊತ್ತಿಗೆ ಮೊದಲೇ ಬಂತು. ಲೊರೀನ್ ಅರವತ್ತನಾಲ್ಕಕ್ಕೇ ನಿಂತಳು. "ನಾನು ಹೇಳ್ಲಿಲ್ವಾ?" ಎಂದು, ನೋಡಲೆಂದೇ ಬಂದಿದ್ದ ತರಬೇತುದಾರ ನಕ್ಕ. ಇನ್ನೂ ಎರಡು ಇದೆಯೆಂದು ಮೇವಿಸ್ ಆಚೆಯಿಂದ ಕಿರುಚಿದಳು. ಲೊರೀನ್ ಮತ್ತೆ ಗೋಡೆಯನ್ನೊದ್ದು ಹೊರಟು, ತನ್ನನ್ನು ದಾಟಿ ಮುಂದೆ ಹೋಗಿದ್ದ ಬ್ರಾಂಟಿನವಳನ್ನು ಕೊನೆಯ ಹತ್ತು ಗಜದಲ್ಲಿ ಹಿಡಿದು, ಒಂದು ತೋಳಿನಷ್ಟು ಅಂತರದಲ್ಲಿ ಗೆದ್ದಳು. ಕಾಲೇಜು ಅದನ್ನು ದಾಖಲೆಯ ಪುಸ್ತಕದಲ್ಲಿ ಬರೆಯಲಿಲ್ಲ. ಹುಡುಗಿಯರು ಉಳಿದ ಉಗುರುಬಣ್ಣದಲ್ಲಿ ತಮ್ಮ ಬಟ್ಟೆಕೋಣೆಯ ಬಾಗಿಲ ಹಿಂದೆ ಅವಳು ಈಜಿದ ಹೊತ್ತನ್ನು ಬರೆದರು.

ಇದು ಎಕರ್ಟ್ ಮನೆಯ ಕಥೆ. ಐವತ್ತನಾಲ್ಕು ವರ್ಷದಿಂದ ಹಬ್ಬದೂಟಕ್ಕೆ ಸೇರಿದವರೆಲ್ಲ ಇದನ್ನು ಕೇಳಿಯೇ ಏಳುತ್ತಿದ್ದರು. ಆದ್ದರಿಂದ, ಮೊಮ್ಮಗಳು ಕೋರಿನ್ ಕೂಡ ಮೈಲಿಯ ಈಜುಗಾತಿಯಾಗಿ ಬೆಳೆದು, ಹದಿನೇಳನೆಯ ವಯಸ್ಸಿನಲ್ಲಿ ಅವಳಿಗೆ ಈಜುತಂಡಕ್ಕೆ ಸೇರೆಂದು ಕ್ಯಾಲೋವೇಯಿಂದಲೂ ಬ್ರಾಂಟಿನಿಂದಲೂ ಕರೆ ಬಂದಾಗ, ಇದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲವೆಂದೇ ಲೊರೀನ್ ತಿಳಿದಿದ್ದಳು.

ಅಕ್ಟೋಬರಿನ ಮೊದಲ ಭಾನುವಾರ ಚರ್ಚಿನಿಂದ ಬಂದು ಕೋಳಿ ಸಾರಿನ ಕಡುಬಿಗೆ ಕೂತಾಗ, ಮಗಳು ಪಾಲಾ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದಳು. ನಡುವೆ ಗೆರೆ, ಒಂದು ಕಡೆ ಬ್ರಾಂಟ್, ಇನ್ನೊಂದು ಕಡೆ ಕ್ಯಾಲೋವೇ. ಪಾಲಾ ಊರಿನ ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬಡಿಸುವವಳು. ಯಾವುದನ್ನಾದರೂ ಸಾಲಾಗಿ ಬರೆದು ನೋಡದೆ ಅವಳಿಗೆ ಸಮಾಧಾನವಿಲ್ಲ.

"ಬ್ರಾಂಟಲ್ಲಿ ಹತ್ತು ಲೇನಿನ ಹೊಸ ಕೊಳ," ಎಂದು ಅವಳು ಓದಿದಳು. "ನಾಲ್ಕು ಜನ ತರಬೇತುದಾರರು. ತಂಡಕ್ಕೇ ಬೇರೆ ಅಡುಗೆಯವರು."

"ಅಡುಗೆಯವರು ನಿನ್ನಷ್ಟು ಉಪ್ಪು ಹಾಕ್ತಾರಾ ಕೇಳಮ್ಮ," ಎಂದಳು ಕೋರಿನ್.

"ಕ್ಯಾಲೋವೇಲಿ ಆರು ಲೇನಿನ ಹಳೇ ಕೊಳ. ಚಾವಣಿ ಸೋರುತ್ತೆ. ಒಬ್ಬರೇ ತರಬೇತುದಾರರು."

"ಇದನ್ನೂ ಬರಿ," ಎಂದು ಲೊರೀನ್ ಏಪ್ರನ್ನಿನ ಜೇಬಿನಿಂದ ಮಡಿಸಿದ ಕಾಗದ ತೆಗೆದಳು. ಭೂತಗನ್ನಡಿ ಹಿಡಿದು ನಾಲ್ಕು ವರ್ಷದ ಪಂದ್ಯಗಳ ಫಲಿತಾಂಶ ನೋಡಿ ಆಕೆ ಅದನ್ನು ಮಾಡಿದ್ದಳು. "ಬ್ರಾಂಟಿಗೆ ಸೇರಿದ ಮೈಲಿಯ ಹುಡುಗಿಯರು ನಾಲ್ಕು ವರ್ಷದಲ್ಲಿ ಕಡಿಮೆ ಮಾಡ್ಕೊಂಡ ಹೊತ್ತು ಎಂಟು ಸೆಕೆಂಡು. ಕ್ಯಾಲೋವೇಯವರು ಮೂವತ್ತೊಂದು. ಅವರು ವೇಗ ಇರೋರನ್ನ ಆರಿಸ್ಕೊಂಡು ತರ್ತಾರೆ. ಇವರು ವೇಗ ಕಲಿಸ್ತಾರೆ."

ಅಳಿಯ ಗ್ಲೆನ್ ಕಡುಬಿನ ಮೇಲೆ ಮೆಣಸುಪುಡಿ ಉದುರಿಸುತ್ತಿದ್ದವನು ತಲೆ ಎತ್ತಿದ. "ಅತ್ತೆ, ಹಿಂದಿನ ನಾಲ್ಕು ವರ್ಷದ್ದು ಹೇಳಿದ್ರಿ. ಮುಂದಿನ ನಾಲ್ಕು ವರ್ಷದ್ದು ಹೇಳಿ. ಕ್ಯಾಲೋವೇಲಿ ತಂಡ ಇರುತ್ತಾ?"

"ನೂರು ವರ್ಷದ ಕಾಲೇಜು ಅದು."

"ನಮ್ಮ ಫರ್ನಿಚರ್ ಕಾರ್ಖಾನೆನೂ ನೂರು ವರ್ಷದ್ದೇ."

ಹನ್ನೊಂದು ವರ್ಷದ ಹಿಂದೆ, ಎಲ್ಲ ಸರಿಯಿದೆ, ಕೆಲಸ ಮಾಡಿಕೊಂಡಿರಿ ಎಂದು ಮಾಲೀಕರು ಹೇಳಿದ ಐದು ತಿಂಗಳಿಗೆ ಆ ಕಾರ್ಖಾನೆ ಮುಚ್ಚಿತ್ತು. ಗ್ಲೆನ್ ಮೂವತ್ತೇಳನೆಯ ವಯಸ್ಸಿನಲ್ಲಿ ಬಾಯ್ಲರು, ಪಂಪುಗಳ ರಿಪೇರಿ ಕಲಿತು ಬದುಕು ಕಟ್ಟಿಕೊಂಡವನು. ಅಂದಿನಿಂದ ಯಾರಾದರೂ "ಏನೂ ಆಗಲ್ಲ" ಎಂದರೆ ಅವನು ತಾನೇ ಹೋಗಿ ನೋಡಿದ ಹೊರತು ನಂಬುತ್ತಿರಲಿಲ್ಲ.

ಎರಡನೆಯ ವಾರ ನಾಲ್ವರೂ ಬ್ರಾಂಟಿಗೆ ಹೋದರು. ಕೊಳದ ಮೇಲಿನ ದೊಡ್ಡ ಪರದೆಯಲ್ಲಿ ಕೋರಿನಳ ಹೆಸರು ಅವಳಿಗಿಂತ ಎತ್ತರದ ಅಕ್ಷರಗಳಲ್ಲಿ ಬೆಳಗುತ್ತಿತ್ತು. ತರಬೇತುದಾರ ಹಾಲ್ಸ್ಟೆಡ್ ಎಲ್ಲರ ಕೈ ಕುಲುಕಿ, "ಇದು ನಿಮ್ಮ ಮನೆಯೇ ಅಂದ್ಕೊಳ್ಳಿ," ಎಂದ. ನೀರು ಗಾಜಿನ ಹಾಗಿತ್ತು. ಮೈಲಿಯ ಲೆಕ್ಕವನ್ನು ಯಾರು ತೋರಿಸುತ್ತಾರೆಂದು ಲೊರೀನ್ ಕೇಳಿದಳು. ಕೊಳದ ತಳಕ್ಕೇ ಅಂಕಿಯ ಪರದೆ ಕೂರಿಸಿದೆ, ಯಾರೂ ಮಂಡಿಯೂರಬೇಕಿಲ್ಲ ಎಂದು ಆತ ಹೆಮ್ಮೆಯಿಂದ ತೋರಿಸಿದ. ಅದು ತಪ್ಪುವ ಯಂತ್ರವಲ್ಲವೆಂದು ಒಪ್ಪದೆ ಲೊರೀನಳಿಗೆ ದಾರಿಯಿರಲಿಲ್ಲ.

ಮೂರನೆಯ ವಾರ ಕ್ಯಾಲೋವೇ. ತರಬೇತುದಾರ್ತಿ ವಿಂಕ್ಲರ್ ಕಾಗದದ ಲೋಟದಲ್ಲಿ ಚಹಾ ತಂದುಕೊಟ್ಟು, ಬಟ್ಟೆಕೋಣೆಗೆ ಕರೆದೊಯ್ದಳು. ಬಾಗಿಲಿಗೆ ಎಷ್ಟು ಸಲ ಬಣ್ಣ ಹೊಡೆದಿದ್ದರೂ ಆ ಅಂಗೈಯಗಲದ ಜಾಗವನ್ನು ಮಾತ್ರ ಬಿಟ್ಟಿದ್ದರು. ಉಗುರುಬಣ್ಣ ಕಂದಿತ್ತು, ಅಂಕಿ ಓದುವಂತಿತ್ತು. ಲೊರೀನ್ ಅದನ್ನು ಮುಟ್ಟಲಿಲ್ಲ, ಕೈಚೀಲವನ್ನು ಎದೆಗೆ ಒತ್ತಿಕೊಂಡು ನಿಂತಳು. ಕೊಳದಲ್ಲಿ ಹಿಂದೆ ಬಿದ್ದ ಒಬ್ಬಳು ಇನ್ನೂ ಮೈಲಿ ಮುಗಿಸುತ್ತಿದ್ದಳು. ಉಳಿದವರೆಲ್ಲ ಆಚೆ ದಡದಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಅವಳಿಗೆ ಹಲಗೆ ಅದ್ದುತ್ತಿದ್ದರು.

ಕೋರಿನ್ ನೇರವಾಗಿ ಕೇಳಿದಳು: "ನಾನು ಓದು ಮುಗಿಸೋವರೆಗೂ ತಂಡ ಇರುತ್ತಾ?"

ವಿಂಕ್ಲರ್ ಅವಳ ಕಡೆ ತಿರುಗಿದಳು. "ನಾಲ್ಕು ಆಟಗಳನ್ನ ಇಟ್ಕೋಬೇಕಾ ಬಿಡಬೇಕಾ ಅಂತ ಮೇಲಿನವರು ಕೂತು ನೋಡ್ತಿದ್ದಾರೆ. ನಮ್ಮದೂ ಅದರಲ್ಲಿದೆ. ಅವರು ಏನೇ ತೀರ್ಮಾನಿಸಿದ್ರೂ ಎರಡು ವರ್ಷಕ್ಕೆ ನಾನು ಮಾತು ಕೊಡ್ತೀನಿ. ಮೂರನೇದಕ್ಕೆ ಕೊಡೋಕಾಗಲ್ಲ. ತಂಡ ಹೋದ್ರೂ ನಿನ್ನ ಓದಿನ ಸಹಾಯಧನ ಹೋಗಲ್ಲ, ಅದು ಬರವಣಿಗೆಯಲ್ಲಿದೆ."

ಗ್ಲೆನ್ ಅಲ್ಲಿರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಅವನು ನೆಲಮಾಳಿಗೆಯ ಮೆಟ್ಟಿಲು ಹತ್ತಿ, ಕೈ ಒರೆಸಿಕೊಳ್ಳುತ್ತ ಬಂದ.

ಅಲ್ಲಿ ಕಂಡದ್ದನ್ನು ಅವನು ಹೇಳಿದ್ದು ಮರುದಿನ ಹಿತ್ತಲಲ್ಲಿ. ಮೊದಲ ಇಬ್ಬನಿ ಹೆಪ್ಪುಗಟ್ಟಿದ ಮೇಲೆ ಪರ್ಸಿಮನ್ ಹಣ್ಣು ತಾನಾಗಿ ಉದುರುತ್ತದೆ. ಮರದಿಂದ ಕೀಳಬಾರದು, ಒಗರು. ಎಲ್ಲರೂ ಬಗ್ಗಿ ಹುಲ್ಲಿನಲ್ಲಿ ಹೆಕ್ಕುತ್ತಿದ್ದರು.

"ಪಂಪ್‌ಮನೆಗೆ ಹೋಗಿದ್ದೆ," ಎಂದ ಗ್ಲೆನ್. "ಅಲ್ಲಿನ ಕೆಲಸಗಾರ ಒಳಗೆ ಬಿಟ್ಟ. ಫಿಲ್ಟರ್ ಪಕ್ಕ ಒಂದು ಕಾರ್ಡ್ ನೇತಾಕಿರ್ತಾರೆ, ಸರ್ವಿಸ್ ಮಾಡಿದಾಗೆಲ್ಲ ಸಹಿ ಮಾಡೋದು. ಕೊನೇ ಸಹಿ ಎರಡು ವರ್ಷದ ಹಿಂದಿಂದು. ಪಂಪಿನ ಸೀಲು ಸೋರಿ ಕೆಳಗೆ ಬಕೆಟ್ ಇಟ್ಟಿದ್ದಾರೆ. ಇಟ್ಕೊಳ್ಳೋ ಕೊಳಕ್ಕೆ ಯಾರೂ ಬಕೆಟ್ ಇಡಲ್ಲ, ಅತ್ತೆ."

"ಬಕೆಟ್ ನೋಡಿ ಕಾಲೇಜಿನ ಜಾತಕ ಹೇಳ್ತೀಯಾ?"

"ನನ್ನ ಕೆಲಸವೇ ಅದು. ಬ್ರಾಂಟ್‌ದೂ ನೋಡಿದೆ. ಪಂಪ್‌ಮನೆ ನೆಲದಲ್ಲಿ ಊಟ ಮಾಡಬಹುದು."

"ಹಾಗಾದ್ರೆ ಅವಳು ಪಂಪ್‌ಮನೇಲೇ ಈಜಲಿ," ಎಂದು ಲೊರೀನ್ ಬುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದಳು. ಬುಟ್ಟಿ ಅರ್ಧವೂ ತುಂಬಿರಲಿಲ್ಲ.

ಮುಂದಿನ ಮೂರು ವಾರ ಮನೆಯಲ್ಲಿ ಊಟ ಎರಡು ಸರತಿಯಲ್ಲಿ ನಡೆಯಿತು. ಗ್ಲೆನ್ ಆರಕ್ಕೆ ಉಣ್ಣುತ್ತಿದ್ದ, ಲೊರೀನ್ ಏಳಕ್ಕೆ. ಬೀನ್ಸು ಮತ್ತು ಹ್ಯಾಮಿನ ಪಾತ್ರೆಯನ್ನು ಎರಡು ಸಲ ಬಿಸಿ ಮಾಡಿ ಪಾಲಾಗೆ ಸಾಕಾಯಿತು. "ನಾನು ಶಾಲೇಲೂ ಎರಡು ಬ್ಯಾಚ್ ಬಡಿಸ್ತೀನಿ, ಮನೇಲೂ ಎರಡು ಬ್ಯಾಚ್ ಬಡಿಸ್ತೀನಿ," ಎಂದು ಅವಳು ಪಾತ್ರೆಯನ್ನು ಸಿಂಕಿಗೆ ಎಸೆದಳು. "ಅಮ್ಮ, ನಿನಗೂ ಒಂದು ಮಾತು. ನಾನು ಹದಿನಾರಕ್ಕೆ ಈಜು ಬಿಟ್ಟಾಗ ನೀನು ಒಂದು ವರ್ಷ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಇವಳಿಗೂ ಹಾಗೆ ಮಾಡಬೇಡ."

"ನಾನೇನು ಮಾಡಿದೆ ಈಗ?"

"ಅವಳಿಗೆ ಎಂಟು ವರ್ಷ ಇದ್ದಾಗಿಂದ ಬ್ರಾಂಟಿನ ಬಣ್ಣದ ಟವೆಲ್ ಮನೆಗೆ ತರೋಕೆ ಬಿಟ್ಟಿಲ್ಲ ನೀನು. ಅದನ್ನೇ."

ನವೆಂಬರಿನ ಮೊದಲ ಶುಕ್ರವಾರದ ಪತ್ರಿಕೆಯಲ್ಲಿ ಕ್ಯಾಲೋವೇಯ ಸುದ್ದಿ ಬಂತು: ನಾಲ್ಕು ಆಟಗಳ ಭವಿಷ್ಯ ವಸಂತದಲ್ಲಿ ತೀರ್ಮಾನ. ಲೊರೀನ್ ಅದನ್ನು ಎರಡು ಸಲ ಓದಿ, ಮಡಿಸಿ, ಬ್ರೆಡ್ಡಿನ ಡಬ್ಬಿಯ ಕೆಳಗಿಟ್ಟಳು.

ಅದೇ ಸಂಜೆ ಬ್ರಾಂಟಿನ ಕರಾರುಪತ್ರ ಬಂತು. ಪಾಲಾ ಕನ್ನಡಕ ಹಾಕಿಕೊಂಡು ಅದನ್ನು ಮೇಜಿನ ಮೇಲೆ ಓದಿದಳು. ನಾಲ್ಕನೆಯ ಪುಟದಲ್ಲಿ ನಿಂತಳು. "ತಂಡದಲ್ಲಿ ಇಷ್ಟೇ ಜನ ಇರಬೇಕು ಅಂತ ಮಿತಿ ಇದೆಯಂತೆ. ಪ್ರತಿ ಮೇ ತಿಂಗಳು ಎಲ್ಲರ ಜಾಗನೂ ಮತ್ತೆ ನೋಡ್ತಾರಂತೆ. ಬೇಡ ಅನ್ನಿಸಿದ್ರೆ ತಂಡದಿಂದ ಬಿಡಬಹುದು."

"ಇದು ನಿಮ್ಮ ಮನೆಯೇ ಅಂದ್ರಲ್ಲ," ಎಂದಳು ಕೋರಿನ್.

"ಎಲ್ಲಾ ಕಡೆ ಕೆಲಸ ನೋಡೇ ಇಟ್ಕೊಳ್ಳೋದು," ಎಂದ ಗ್ಲೆನ್. "ನೀನು ಚೆನ್ನಾಗಿ ಈಜಿದ್ರೆ ಯಾಕೆ ತೆಗೀತಾರೆ? ಬ್ರಾಂಟಲ್ಲಿ ತೆಗೆದ್ರೂ ನಿನ್ನೊಬ್ಬಳನ್ನ ತೆಗೀತಾರೆ. ಕ್ಯಾಲೋವೇಲಿ ತಂಡನೇ ತೆಗೀತಾರೆ. ನಿನಗಿನ್ನೂ ಹದಿನೇಳು, ನನ್ನ ಸಹಿ ಇಲ್ದೆ ಯಾವ ಕಾಗದನೂ ನಡೆಯಲ್ಲ. ಬಕೆಟ್ ಇಟ್ಟ ಕಡೆಗೆ ನಾನು ಸಹಿ ಹಾಕಲ್ಲ."

"ನನ್ನ ಈಜಿಗೆ ನಿನ್ನ ಸಹಿ. ಚೆನ್ನಾಗಿದೆ."

"ಚೆನ್ನಾಗಿಲ್ಲದಿದ್ರೂ ಅಷ್ಟೇ."

ಸಹಿಯ ದಿನ ನವೆಂಬರಿನ ಎರಡನೆಯ ಬುಧವಾರ. ಅದಕ್ಕೆ ಐದು ದಿನ ಉಳಿದಿತ್ತು.

ಶನಿವಾರ ಮಧ್ಯಾಹ್ನ ಅಜ್ಜಿ, ಮೊಮ್ಮಗಳು ಅಡುಗೆಮನೆಯಲ್ಲಿ ಹಣ್ಣು ಸೋಸುತ್ತಿದ್ದರು. ತೂತಿನ ಪಾತ್ರೆಯಲ್ಲಿ ಹಣ್ಣು ಹಾಕಿ ಮರದ ಗಿಡ್ಡ ಒನಕೆಯಿಂದ ತಿರುವಬೇಕು. ಬೀಜ, ಸಿಪ್ಪೆ ಮೇಲುಳಿದು ಕಿತ್ತಳೆಬಣ್ಣದ ತಿರುಳು ಕೆಳಗಿಳಿಯುತ್ತದೆ. ಕೋರಿನಳ ತೋಳು ಆ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

"ಬ್ರಾಂಟಿಗೆ ಹೋಗು," ಎಂದಳು ಲೊರೀನ್.

ಒನಕೆ ನಿಂತಿತು. "ಏನಂದೆ?"

"ಕೇಳಿಸ್ತಲ್ಲ. ನಿಮ್ಮಪ್ಪ ಹೇಳೋದು ಸರಿ. ಪತ್ರಿಕೆಯವರೂ ಹೇಳಿದ್ರು. ಮುಗೀತು ಅಂತ ಎಲ್ಲರೂ ಹೇಳ್ತಿರುವಾಗ ನಿನ್ನನ್ನ ಅಲ್ಲಿಗೆ ನೂಕಿ ನನಗೇನು ಸಿಗಬೇಕು? ಮುದುಕಿ ಹಟಕ್ಕೆ ಮಗು ಹಾಳಾಯ್ತು ಅಂತಾರೆ."

"ಅಜ್ಜಿ, ನಿನ್ನ ಹತ್ರ ಆ ಮೂವತ್ತೊಂದು ಸೆಕೆಂಡಿನ ಕಾಗದ ಇನ್ನೂ ಇದೆಯಾ?"

"ಇದೆ."

"ಆ ಲೆಕ್ಕ ತಪ್ಪಾ?"

"ತಪ್ಪೇನಿಲ್ಲ. ನಾನೇ ಎರಡು ಸಲ ನೋಡಿದೀನಿ."

"ಲೆಕ್ಕ ಸರಿ ಇದೆ ಅಂತ ಗೊತ್ತಿದ್ದೂ ಯಾರೋ ಮುಗೀತು ಅಂದ್ರು ಅಂತ ನಿಲ್ಲಿಸ್ತಿದೀಯ. ನೀನೂ ಹೀಗೆ ಮಾಡ್ತೀಯ ಅಂತ ನಾನು ಅಂದ್ಕೊಂಡಿರಲಿಲ್ಲ."

ಹುಡುಗಿ ಅದನ್ನು ಚುಚ್ಚಲೆಂದು ಹೇಳಿರಲಿಲ್ಲ. ಮತ್ತೆ ಒನಕೆ ತಿರುವತೊಡಗಿದಳು. ಲೊರೀನ್ ಮಾತ್ರ ಕುರ್ಚಿ ಎಳೆದು ಕೂತಳು. ಕೈಗೆ ತಿರುಳು ಮೆತ್ತಿಕೊಂಡಿತ್ತು, ಒರೆಸಿಕೊಳ್ಳಲಿಲ್ಲ.

"ನಾನು ಹೀಗೇ ಮಾಡಿದ್ದೆ," ಎಂದಳು. "ಮೇವಿಸ್ ಕಿರುಚಲೇ ಇಲ್ಲ."

"ಏನು?"

"ಕಥೇಲಿ ನಾನು ಹಾಗೆ ಹೇಳ್ತೀನಿ, ಅವಳು ಕಿರುಚಿದಳು ಅಂತ. ಅವಳಿಗೆ ಗೊತ್ತೇ ಇರಲಿಲ್ಲ ಟ್ರೇ ಅಂಟಿದ್ದು. ನನಗೆ ಗೊತ್ತಿತ್ತು. ನಲವತ್ತೈದಾದ ಮೇಲೆ ನಲವತ್ತೊಂಬತ್ತು ಬಂತು. ನಲವತ್ತೇಳು ಬರಲೇ ಇಲ್ಲ. ನಾನು ನೀರೊಳಗೇ ನೋಡಿದೆ. ನನ್ನ ಲೆಕ್ಕ ನನ್ನ ತಲೆಯಲ್ಲಿ ಸರಿಯಾಗಿತ್ತು, ಕೋರಿನ್. ಕೆಂಪು ಟ್ರೇ ಬಂದಾಗ ಅದು ಸುಳ್ಳು ಅಂತ ಗೊತ್ತಿತ್ತು."

"ಮತ್ತೆ ಯಾಕೆ ನಿಂತೆ?"

"ತೋಳು ಸೀಸದ ಹಾಗಾಗಿತ್ತು. ಯಾರಾದರೂ ಮುಗೀತು ಅಂದ್ರೆ ಸಾಕು ಅನ್ನಿಸ್ತಿತ್ತು. ಅಂದ್ರು, ನಿಂತೆ." ಆಕೆ ಮೇಜಿನ ಅಂಚನ್ನು ನೋಡುತ್ತಿದ್ದಳು. "ಬ್ರಾಂಟಿನ ಹುಡುಗಿ ಬಂದಳು, ಗೋಡೆ ಮುಟ್ಟಿ ತಿರುಗಿದಳು. ಅವಳು ಒದ್ದ ನೀರು ನನ್ನ ಮುಖಕ್ಕೆ ಹೊಡೀತು. ಆಗ ಹೊರಟೆ. ಯಾರೂ ಕರೀಲಿಲ್ಲ. ಐವತ್ತನಾಲ್ಕು ವರ್ಷ ಅದನ್ನ ಮೇವಿಸ್ ತಪ್ಪು ಅಂತ ಹೇಳ್ಕೊಂಡು ಬಂದೆ. ಪಾಪ, ಅವಳು ನಗ್ತಿದ್ದಳು, ಸಾಯೋವರೆಗೂ."

ಕೋರಿನ್ ಒನಕೆಯನ್ನು ಬಟ್ಟಲಿನ ಅಂಚಿಗೆ ಒರಗಿಸಿ, "ಇದು ಆ ಕಥೆಗಿಂತ ಚೆನ್ನಾಗಿದೆ," ಎಂದಳು.

"ಚೆನ್ನಾಗಿರೋದು ಬೇರೆ, ಹೇಳೋಕಾಗೋದು ಬೇರೆ. ನಾನು ಈಗ ಹೇಳಿದ ಮಾತು ವಾಪಸ್ ತಗೋತೀನಿ. ಬ್ರಾಂಟಿಗೆ ಹೋಗು ಅಂದಿದ್ದು. ನೀನೇ ಎಣಿಸು."

ಬುಧವಾರ ಬೆಳಿಗ್ಗೆ ಏಳಕ್ಕೆ ಲೊರೀನ್ ಎಲ್ಲರಿಗೂ ಒಂದೇ ಹೊತ್ತಿಗೆ ಮೇಜು ಹಾಕಿದಳು: ಮೊಟ್ಟೆ, ಸಾಸೇಜು, ಪರ್ಸಿಮನ್ ಪುಡಿಂಗು. ಎರಡೂ ಕರಾರುಪತ್ರಗಳು ಸಕ್ಕರೆ ಡಬ್ಬಿಯ ಪಕ್ಕದಲ್ಲಿದ್ದವು. ಕೋರಿನ್ ಕ್ಯಾಲೋವೇಯದಕ್ಕೆ ತನ್ನ ಸಹಿ ಹಾಕಿ ಅಪ್ಪನ ತಟ್ಟೆಯ ಕಡೆ ಸರಿಸಿದಳು.

"ನಾನು ಹೇಳಿದೀನಿ," ಎಂದ ಗ್ಲೆನ್.

"ಹೇಳಿದ್ದೀಯ. ಒಂದು ಪ್ರಶ್ನೆ ಕೇಳ್ತೀನಿ, ಅದಕ್ಕೆ ಉತ್ತರ ಕೊಟ್ಟು ಆಮೇಲೆ ಬೇಡ ಅನ್ನು. ಕಾರ್ಖಾನೆಯವರು ನಿನಗೆ ಹೇಳಿದ್ದೇನು?"

"ಏನೂ ಆಗಲ್ಲ ಅಂದಿದ್ರು."

"ಅದರ ಬದಲು, ಎರಡು ವರ್ಷ ಖಂಡಿತ ಇರುತ್ತೆ, ಆಮೇಲಿನದು ಗೊತ್ತಿಲ್ಲ ಅಂತ ನಿಜ ಹೇಳಿದ್ರೆ ಏನು ಮಾಡ್ತಿದ್ದೆ? ಬಿಟ್ಟು ಹೋಗ್ತಿದ್ದೆಯಾ?"

ಗ್ಲೆನ್ ಸಾಸೇಜನ್ನು ಎರಡಾಗಿ ಕತ್ತರಿಸಿದ. ನಾಲ್ಕಾಗಿ ಕತ್ತರಿಸಿದ. "ಇಲ್ಲ," ಎಂದ ಕೊನೆಗೆ. "ಎರಡು ವರ್ಷ ದುಡೀತಿದ್ದೆ. ಇನ್ನೂ ನೂರಾ ಎಂಬತ್ತು ಜನ ಇದ್ವಿ. ಎಲ್ಲರನ್ನೂ ಸೇರಿಸಿ ಜಗಳ ಆಡ್ತಿದ್ದೆ. ನಮಗೆ ಜಗಳ ಆಡೋಕೂ ಹೊತ್ತು ಕೊಡಲಿಲ್ಲ ಅವರು."

"ನನಗೆ ಕೊಟ್ಟಿದ್ದಾರೆ. ಬ್ರಾಂಟಿನವರು ನಿಮ್ಮ ಮನೆಯೇ ಅಂತ ಕೈ ಕುಲುಕಿ, ನಾಲ್ಕನೇ ಪುಟದಲ್ಲಿ ಮೇ ತಿಂಗಳು ಬರೆದ್ರು. ವಿಂಕ್ಲರ್ ಮುಖ ನೋಡಿ ಹೇಳಿದ್ರು. ನಾನು ನಿಜ ಹೇಳಿದವರ ಕಡೆ ಹೋಗ್ತೀನಿ. ಅವರು ತಂಡ ಮುಚ್ಚಬೇಕು ಅಂದ್ರೆ ನಾನು ನೀರಲ್ಲಿರುವಾಗ ಮುಚ್ಚಲಿ. ನಾನಾಗಿ ಹತ್ತಿ ಬರಲ್ಲ."

"ಇಪ್ಪತ್ತೆಂಟು ಹುಡುಗಿಯರಿದ್ದಾರೆ ಅಲ್ಲಿ," ಎಂದಳು ಪಾಲಾ, ಯಾರನ್ನೂ ನೋಡದೆ ಕಾಫಿ ಸುರಿಯುತ್ತ. "ಅಮ್ಮಂದಿರೂ ಇಪ್ಪತ್ತೆಂಟು. ಅಜ್ಜಿಯಂದಿರನ್ನ ಎಣಿಸಿಲ್ಲ ಇನ್ನೂ." ಅವಳು ಫ್ರಿಜ್ಜಿನ ಬಳಿ ಹೋಗಿ ಗೆರೆ ಎಳೆದ ಹಾಳೆಯನ್ನು ಕಿತ್ತು, ಎರಡಾಗಿ ಮಡಿಸಿ ಏಪ್ರನ್ನಿಗೆ ಹಾಕಿಕೊಂಡಳು.

ಗ್ಲೆನ್ ಕಾಗದವನ್ನು ಓದಿದ. ಪೂರ್ತಿ ಓದಿದ, ಹಿಂದೆ ತಿರುಗಿಸಿ ಖಾಲಿ ಪುಟವನ್ನೂ ನೋಡಿದ. ಆಮೇಲೆ ಅಂಗಿಯ ಜೇಬಿನಿಂದ, ಬಾಯ್ಲರುಗಳ ಕಾರ್ಡಿಗೆ ಸಹಿ ಹಾಕುವ ದಪ್ಪ ಪೆನ್ನನ್ನು ತೆಗೆದು ಹೆಸರು ಬರೆದ.

"ಆ ಸೀಲು ಹೆಚ್ಚಂದ್ರೆ ನಲವತ್ತು ನಿಮಿಷದ ಕೆಲಸ," ಎಂದ. "ಶನಿವಾರ ಪೆಟ್ಟಿಗೆ ತಗೊಂಡು ಹೋಗ್ತೀನಿ. ಮೊದಲು ಆ ಬಕೆಟ್ ಎತ್ತಬೇಕು. ಅದನ್ನ ನೋಡಿದ್ರೆ ನನಗೆ ಮೈ ಉರಿಯುತ್ತೆ."

"ಅವರು ಬಿಡಲ್ಲಪ್ಪ. ಅದಕ್ಕೆಲ್ಲ ಅನುಮತಿ ಬೇಕು."

"ಮೇವಿಸ್‌ಗೆ ಟ್ರೇ ತರೋಕೆ ಯಾರು ಅನುಮತಿ ಕೊಟ್ಟಿದ್ದರು?"

ಲೊರೀನ್ ಅಳಿಯನ ತಟ್ಟೆಗೆ ಕೇಳದೆಯೇ ಪುಡಿಂಗಿನ ಮೂಲೆಯ ತುಂಡನ್ನು ಹಾಕಿದಳು; ಮೂಲೆಯದು ಗರಿಗರಿಯಾಗಿರುತ್ತದೆ, ಅದನ್ನು ಆಕೆ ಯಾವಾಗಲೂ ತನಗೇ ಇಟ್ಟುಕೊಳ್ಳುತ್ತಿದ್ದಳು. ಗ್ಲೆನ್ ನೋಡಿದ, ಮೊದಲು ಅದನ್ನೇ ತಿಂದ. ಶಾಲೆಗೆ ಹೊರಡಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಕೋರಿನ್ ಕುರ್ಚಿಯನ್ನು ಅಜ್ಜಿಯ ಪಕ್ಕಕ್ಕೆ ಎಳೆದುಕೊಂಡು ಎರಡೂ ಮೊಣಕೈಗಳನ್ನು ಮೇಜಿನ ಮೇಲೂರಿದಳು.

"ಅಜ್ಜಿ, ಇನ್ನೊಂದು ಸಲ ಹೇಳು."

"ಯಾವುದನ್ನ? ಎಲ್ಲರಿಗೂ ಬಾಯಿಪಾಠ ಆಗಿದೆಯಲ್ಲ."

"ಅದಲ್ಲ. ನಲವತ್ತೇಳು ಬರಲೇ ಇಲ್ವಲ್ಲ, ಆ ಕಥೆ. ಅಪ್ಪ, ಅಮ್ಮ ಕೇಳಿಲ್ಲ. ಮೊದಲಿಂದ ಹೇಳು."